ನಾಟ್ಯರಾಣಿ, ಶ್ರಾವಕಿ: ಪಟ್ಟಮಹಾದೇವಿ ಶಾಂತಲೆ

ಹಾಸನ ಜಿಲ್ಲೆಯ ಹಳೇಬೀಡಿಗೆ ಹೊಂದಿಕೊಂಡಿರುವ ಬಸ್ತಿಹಳ್ಳಿಯಲ್ಲಿ ಹೊಯ್ಸಳರ ಕಾಲದ ಮೂರು ಬಸದಿಗಳು ಇಂದಿಗೂ ಉಳಿದಿವೆ. ಶ್ರೀ ಪಾರ್ಶ್ವನಾಥ, ಶ್ರೀ ಆದಿನಾಥ ಮತ್ತು ಶ್ರೀ ಶಾಂತಿನಾಥ ಸ್ವಾಮಿಯವರ ಈ ಬಸದಿಗಳು ಒಂದೇ ಆವರಣದಲ್ಲಿವೆ. ಇಲ್ಲಿಗೆ ಬರುವ ಯಾತ್ರಿಕರಲ್ಲಿ ಬಹುಮಂದಿ ಶ್ರೀ ಪಾರ್ಶ್ವನಾಥ ಬಸದಿಯ ನವರಂಗದಲ್ಲಿ ನಿಂತು, ಕನ್ನಡಿಯಂತೆ ಹೊಳೆಯುವ ಕಂಬಗಳಲ್ಲಿ ತಮ್ಮ ಬಿಂಬ ನೋಡಿ ಬೆರಗಾಗುತ್ತಾರೆ. ಈ ಬಸದಿಗೆ ಸಂಬಂಧಿಸಿದ 1133ರ ಶಾಸನಕ್ಕೆ ಇನ್ನೊಂದು ಮಹತ್ವವೂ ಇದೆ. ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟಮಹಾದೇವಿ ಶಾಂತಲೆಯ ಬಗ್ಗೆ ನಾಡಿನಲ್ಲಿ ಹರಡಿರುವ ಒಂದು ಕಥೆಯನ್ನು ಒರೆಗೆ ಹಚ್ಚಿ ನೋಡಲು ಅದು ನೆರವಾಗುತ್ತದೆ.

ಶಾಂತಲೆಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆಕೆಯನ್ನು ನಾಟ್ಯರಾಣಿ ಎಂದು ನೆನೆಯುತ್ತಾರೆ. ಬೇಲೂರಿನ ಶಿಲಾಬಾಲಿಕೆಯರನ್ನು ಕಂಡಾಗ ಆಕೆಯ ಮಾತು ಬರುತ್ತದೆ. ಶಿವಗಂಗೆಯ ಬೆಟ್ಟ ಹತ್ತಿದವರು ಆಕೆ ಅಲ್ಲಿಂದ ಹಾರಿ ಪ್ರಾಣ ಬಿಟ್ಟಳೆಂಬ ಕಥೆ ಕೇಳಿ ಇಳಿದು ಬರುತ್ತಾರೆ. ಆದರೆ ಆಕೆಯ ಕಾಲದಲ್ಲೇ ಕಲ್ಲಿನ ಮೇಲೆ ಬರೆಸಿದ ಶಾಸನಗಳಲ್ಲಿ ಕಾಣುವ ಶಾಂತಲೆ ಬೇರೆ. ಆಕೆ ಗೀತ, ವಾದ್ಯ, ನೃತ್ಯಗಳಲ್ಲಿ ಪರಿಣತೆ, ರಾಜಕಾರ್ಯದಲ್ಲಿ ವಿವೇಕಿ, ಗುರುಗಳಲ್ಲಿ ಭಕ್ತಿಯುಳ್ಳವಳು, ಸಮ್ಯಕ್ತ್ವದಲ್ಲಿ ದೃಢಳಾದ ಶ್ರಾವಕಿ.

ಮನೆತನ

ಶಾಂತಲೆಯ ತಂದೆ ಮಾರಸಿಂಗಯ್ಯ ಹೆಗ್ಗಡೆ, ತಾಯಿ ಮಾಚಿಕಬ್ಬೆ. ತಂದೆ ಶಿವಭಕ್ತ, ತಾಯಿ ಜಿನಭಕ್ತೆ. ಒಂದೇ ಮನೆಯಲ್ಲಿ ಎರಡು ಧರ್ಮಗಳು ಹೊಂದಿಕೊಂಡು ಬಾಳಿದ್ದಕ್ಕೆ ಈ ಮನೆತನವನ್ನು ವಿದ್ವಾಂಸರು ಮತ್ತೆ ಮತ್ತೆ ಉದಾಹರಿಸುತ್ತಾರೆ. ತಾಯಿಯ ಕಡೆಯವರು ದಂಡನಾಯಕರ ವಂಶದವರು. ಮಾಚಿಕಬ್ಬೆಯ ತಂದೆ ಬಲದೇವ ದಂಡನಾಯಕ, ತಾಯಿ ಬಾಚಿಕಬ್ಬೆ. ಅಣ್ಣತಮ್ಮಂದಿರಲ್ಲಿ ಸಿಂಗಿಮಯ್ಯನ ಹೆಸರು ಶಾಸನದಲ್ಲಿದೆ. ಕತ್ತಿ ಹಿಡಿದು ದೊರೆಯ ಸೇವೆ ಮಾಡುವುದು ಮತ್ತು ಬೆಳಗೊಳದ ಗುರುಗಳಿಗೆ ನಡೆದುಕೊಳ್ಳುವುದು ಈ ಮನೆತನಕ್ಕೆ ಎರಡೂ ಸಹಜವಾಗಿದ್ದವು.

ಶಾಂತಲೆ ತಾಯಿಯ ಧರ್ಮವನ್ನೇ ತನ್ನದಾಗಿಸಿಕೊಂಡಳು. ಆಕೆಯ ಗುರುಗಳು ಶ್ರೀ ಪ್ರಭಾಚಂದ್ರ ಸಿದ್ಧಾಂತದೇವರು. ಇವರು ಮೂಲಸಂಘ, ದೇಶೀಯಗಣ, ಪುಸ್ತಕಗಚ್ಛಕ್ಕೆ ಸೇರಿದ ಶ್ರೀ ಮೇಘಚಂದ್ರ ತ್ರೈವಿದ್ಯದೇವರ ಶಿಷ್ಯರು. ಮೇಘಚಂದ್ರರು 1115ರಲ್ಲಿ ಶ್ರವಣಬೆಳಗೊಳದಲ್ಲಿ ಸಮಾಧಿ ಹೊಂದಿದರು. ಆಗಮ, ತರ್ಕ, ವ್ಯಾಕರಣಗಳಲ್ಲಿ ಹೆಸರಾದ ಈ ಗುರುಪರಂಪರೆಯ ಬೋಧನೆಯನ್ನು ಕೇಳಿ ಬೆಳೆದವಳು ಮುಂದೆ ಅರಮನೆಯ ಪಟ್ಟದರಸಿಯಾದಳು.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯ ಜನ ಶಾಂತಲೆಯನ್ನು ತಮ್ಮೂರಿನ ಮಗಳೆಂದು ಹೇಳಿಕೊಳ್ಳುತ್ತಾರೆ. ಬಳ್ಳಿಗಾವಿ ಆ ಕಾಲದಲ್ಲಿ ವಿದ್ಯೆಗೂ ಶಿಲ್ಪಕ್ಕೂ ದೊಡ್ಡ ಕೇಂದ್ರ. ಬೇಲೂರಿನ ಶಿಲ್ಪಗಳ ಕೆಳಗೆ ಹೆಸರು ಬರೆದಿರುವ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವಿಯವರೇ. ಶ್ರವಣಬೆಳಗೊಳದ ಚಂದ್ರಗುಪ್ತ ಬಸದಿಯಲ್ಲಿ ಭದ್ರಬಾಹು ಸ್ವಾಮಿ ಮತ್ತು ಚಂದ್ರಗುಪ್ತನ ಕಥೆಯನ್ನು ಬಿಡಿಸಿರುವ ಜಾಲಂಧ್ರದ ಮೇಲೂ ದಾಸೋಜನೆಂಬ ಶಿಲ್ಪಿಯ ಹೆಸರಿದೆ. ಬಳ್ಳಿಗಾವಿ, ಬೇಲೂರು, ಬೆಳಗೊಳ ಈ ಮೂರು ಊರುಗಳ ನಡುವೆ ಕಲೆ ಮತ್ತು ಧರ್ಮದ ಹಾದಿ ಅಂದು ತೆರೆದೇ ಇತ್ತು.

ದೋರಸಮುದ್ರದ ಅರಮನೆ

ಬಿಟ್ಟಿದೇವನೆಂಬ ಹೆಸರಿನ ವಿಷ್ಣುವರ್ಧನ 1108ರಲ್ಲಿ ಹೊಯ್ಸಳ ಸಿಂಹಾಸನವೇರಿದ. ಅವನ ರಾಜಧಾನಿ ದೋರಸಮುದ್ರವೇ ಇಂದಿನ ಹಳೇಬೀಡು. ಅವನ ದಂಡನಾಯಕ ಗಂಗರಾಜ 1116ರ ವೇಳೆಗೆ ಚೋಳರ ಕೈಯಲ್ಲಿದ್ದ ತಲಕಾಡನ್ನು ಗೆದ್ದುಕೊಟ್ಟ. ಆ ಗೆಲುವಿನಿಂದ ದೊರೆಗೆ ತಲಕಾಡುಗೊಂಡ ಎಂಬ ಬಿರುದು ಬಂತು. ಗೆಲುವಿನ ನೆನಪಿಗೆ ಬೇಲೂರಿನಲ್ಲಿ ಎದ್ದ ವಿಜಯನಾರಾಯಣ ದೇವಾಲಯವನ್ನು ಇಂದು ನಾವು ಚೆನ್ನಕೇಶವ ದೇವಾಲಯ ಎನ್ನುತ್ತೇವೆ. ಅದರ ಪ್ರತಿಷ್ಠೆ 1117ರಲ್ಲಿ ನಡೆಯಿತು.

ಜೈನ ಮನೆತನದಲ್ಲಿ ಹುಟ್ಟಿದ ವಿಷ್ಣುವರ್ಧನ ಶ್ರೀ ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದನೆಂದು ಪರಂಪರೆ ಹೇಳುತ್ತದೆ. ದೊರೆ ಮತ ಬದಲಿಸಿದರೂ ಪಟ್ಟದರಸಿ ಬದಲಿಸಲಿಲ್ಲ. ಆಕೆ ಕೊನೆಯವರೆಗೂ ಜಿನಭಕ್ತೆಯಾಗಿಯೇ ಉಳಿದಳು. ಇದರಿಂದ ಅರಮನೆಯಲ್ಲಿ ಬಿರುಕು ಬಿಟ್ಟಿತೆಂದು ತೋರಿಸುವ ಶಾಸನ ಒಂದೂ ಇಲ್ಲ. ದೊರೆಯ ಬಲಗೈಯಾದ ಗಂಗರಾಜ ಜೈನ, ದೊರೆಯ ಮಗಳು ಹರಿಯಬ್ಬರಸಿ ಜೈನೆ. ಹರಿಯಬ್ಬರಸಿ 1130ರ ಸುಮಾರಿಗೆ ಮೂಡಿಗೆರೆ ಸೀಮೆಯ ಹಂತೂರಿನಲ್ಲಿ ಎತ್ತರದ ಬಸದಿಯೊಂದನ್ನು ಕಟ್ಟಿಸಿದಳು. ಬಸದಿಗಳಿಗೆ ದತ್ತಿ ಬಿಡುವಾಗ ದೊರೆಯ ಸಮ್ಮತಿಯೂ ಸಹಾಯವೂ ಸಿಗುತ್ತಿದ್ದವು.

ದೋರಸಮುದ್ರದಲ್ಲಿ ಹಿಂದೆ 720 ಬಸದಿಗಳಿದ್ದವೆಂಬ ಪ್ರತೀತಿ ಹಳೇಬೀಡಿನ ಸುತ್ತ ಇಂದಿಗೂ ಇದೆ. ಸಂಖ್ಯೆ ಏನೇ ಇರಲಿ, ಜೈನ ವರ್ತಕರು, ದಂಡನಾಯಕರು, ಹೆಗ್ಗಡೆಗಳು ತುಂಬಿದ್ದ ಪಟ್ಟಣವದು. ಶಾಂತಲೆಯ ಬಾಳು ಅಂತಹ ಪಟ್ಟಣದ ನಡುವೆ ನಡೆಯಿತು.

ರಂಗದ ಸೂತ್ರ ಹಿಡಿದವಳು

ಶಾಸನಗಳು ಶಾಂತಲೆಗೆ ಕೊಟ್ಟಿರುವ ಬಿರುದುಗಳು ಹಲವು. ಅಭಿನವ ರುಕ್ಮಿಣಿ, ಸಮ್ಯಕ್ತ್ವ ಚೂಡಾಮಣಿ ಮುಂತಾದವು ಎಲ್ಲರಿಗೂ ಪರಿಚಿತ. ಬುದ್ಧಿಯಲ್ಲಿ ಬೃಹಸ್ಪತಿಗೂ ಸಮಯಸ್ಫೂರ್ತಿಯಲ್ಲಿ ವಾಚಸ್ಪತಿಗೂ ಹೋಲಿಸಿರುವ ಬಿರುದುಗಳೂ ಉಂಟು. ಇವುಗಳ ನಡುವೆ ಕಲೆಗೆ ಸಂಬಂಧಿಸಿದ ಬಿರುದೊಂದಿದೆ. ಹಾಡು, ವಾದ್ಯ, ಕುಣಿತಗಳಿಗೆ ಆಕೆಯನ್ನು ಸೂತ್ರಧಾರೆ ಎಂದು ಕರೆಯಲಾಗಿದೆ.

ಈ ಮಾತನ್ನು ಹಗುರವಾಗಿ ನೋಡುವಂತಿಲ್ಲ. ರಂಗಭೂಮಿಯಲ್ಲಿ ಸೂತ್ರಧಾರನೆಂದರೆ ಬರೀ ಪಾತ್ರ ಮಾಡುವವನಲ್ಲ. ನಾಂದಿಯಿಂದ ಮಂಗಳದವರೆಗೆ ಆಟದ ಎಳೆ ಅವನ ಕೈಯಲ್ಲಿರುತ್ತದೆ. ಯಾರು ಯಾವಾಗ ಬರಬೇಕು, ತಾಳ ಎಲ್ಲಿ ಬೀಳಬೇಕು, ಹಾಡು ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಅವನೇ ಬಲ್ಲ. ಶಾಸನಕವಿ ಶಾಂತಲೆಗೆ ಇದೇ ಪದವನ್ನು ಬಳಸಿದ್ದಾನೆಂದರೆ ಅಂದಿನವರು ಆಕೆಯಲ್ಲಿ ಕಂಡದ್ದು ಚೆನ್ನಾಗಿ ಕುಣಿಯುವ ಒಬ್ಬ ಹೆಣ್ಣುಮಗಳನ್ನು ಮಾತ್ರವಲ್ಲ. ಗೀತ, ವಾದ್ಯ, ನೃತ್ಯ ಮೂರನ್ನೂ ಒಂದುಗೂಡಿಸಿ ನಡೆಸಬಲ್ಲ ವಿದುಷಿಯನ್ನು ಅವರು ಕಂಡಿದ್ದರು. ಕಲಾವಿದೆಯೊಬ್ಬಳು ಪಟ್ಟದರಸಿಯಾಗಿರುವುದು ಆ ಕಾಲಕ್ಕೆ ನಾಚಿಕೆಯ ಸಂಗತಿಯಾಗಿರಲಿಲ್ಲ, ಕಲ್ಲಿನಲ್ಲಿ ಕೊರೆದು ಹೇಳುವಷ್ಟು ಹೆಮ್ಮೆಯ ಸಂಗತಿಯಾಗಿತ್ತು.

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದ ನಡುವೆ ದುಂಡನೆಯ ಕಲ್ಲಿನ ಜಗಲಿಯಿದೆ. ಶಾಂತಲೆ ಅಲ್ಲಿ ನರ್ತಿಸುತ್ತಿದ್ದಳೆಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಹೊರಗೆ 38, ಒಳಗೆ 4, ಒಟ್ಟು 42 ಮದನಿಕೆಯರು ಆ ದೇವಾಲಯದಲ್ಲಿದ್ದಾರೆ. ಕೈಯಲ್ಲಿ ಕನ್ನಡಿ ಹಿಡಿದ ದರ್ಪಣ ಸುಂದರಿಗೆ ಶಾಂತಲೆಯೇ ಮಾದರಿಯೆಂದು ಜನ ನಂಬುತ್ತಾರೆ. ಮೂಡಣ ಬಾಗಿಲ ಪಕ್ಕದ ಜಾಲಂಧ್ರದಲ್ಲಿ ಒಡ್ಡೋಲಗದ ದೃಶ್ಯವಿದ್ದು, ಅಲ್ಲಿ ಕುಳಿತಿರುವ ಅರಸ ಅರಸಿಯರನ್ನು ವಿಷ್ಣುವರ್ಧನ ಮತ್ತು ಶಾಂತಲೆ ಎಂದು ಗುರುತಿಸುತ್ತಾರೆ. ಮದ್ದಳೆ ಬಾರಿಸುವವರು, ತಾಳ ಹಾಕುವವರು, ಕೊಳಲೂದುವವರು, ಕಾಲೆತ್ತಿ ತಿರುಗುವ ನರ್ತಕಿಯರು ಹೊಯ್ಸಳ ಗೋಡೆಗಳ ತುಂಬ ಇದ್ದಾರೆ. ಇಷ್ಟು ವಿವರವಾಗಿ ನೃತ್ಯವನ್ನು ಕಡೆದ ಶಿಲ್ಪಿಗಳು ಅದನ್ನು ದಿನನಿತ್ಯ ಕಣ್ಣಾರೆ ಕಂಡವರೇ ಆಗಿರಬೇಕು.

ಜೈನ ಪರಂಪರೆಯಲ್ಲಿ ನೃತ್ಯಕ್ಕೆ ತನ್ನದೇ ಸ್ಥಾನವಿದೆ. ತೀರ್ಥಂಕರರ ಜನ್ಮಾಭಿಷೇಕ ಮುಗಿದ ಮೇಲೆ ಸೌಧರ್ಮೇಂದ್ರ ಆನಂದದಿಂದ ನರ್ತಿಸುತ್ತಾನೆ. ಸಮವಸರಣದಲ್ಲಿ ನಾಟ್ಯಶಾಲೆಗಳಿರುತ್ತವೆ. ಭಗವಾನ್ ಆದಿನಾಥರಿಗೆ ವೈರಾಗ್ಯ ಮೂಡಿದ್ದೇ ಒಂದು ನೃತ್ಯದ ನಡುವೆ. ಇಂದ್ರ ಕಳಿಸಿದ ನೀಲಾಂಜನೆ ಸಭೆಯಲ್ಲಿ ಕುಣಿಯುತ್ತಿರುವಾಗಲೇ ಆಕೆಯ ಆಯುಷ್ಯ ತೀರುತ್ತದೆ. ರಸಭಂಗವಾಗಬಾರದೆಂದು ಇಂದ್ರ ಆ ಕ್ಷಣದಲ್ಲೇ ಅವಳಂತಹ ಇನ್ನೊಬ್ಬಳನ್ನು ತಂದು ನಿಲ್ಲಿಸುತ್ತಾನೆ. ಸಭೆಯಲ್ಲಿ ಯಾರಿಗೂ ತಿಳಿಯದ ಈ ಬದಲಾವಣೆ ಆದಿದೇವನೊಬ್ಬನಿಗೆ ತಿಳಿಯುತ್ತದೆ. ಆದಿಕವಿ ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲಿ ಈ ಪ್ರಸಂಗ ಕನ್ನಡಿಗರ ಮನಸ್ಸಿನಲ್ಲಿ ನೆಲೆಯೂರಿತು. ಶಾಂತಲೆಯ ಕಾಲಕ್ಕೆ ಆ ಕಾವ್ಯಕ್ಕೆ ಸುಮಾರು 170 ವರ್ಷ. ಕಲೆ ಎಷ್ಟು ಸುಂದರವೋ ದೇಹ ಅಷ್ಟೇ ಅನಿತ್ಯ ಎಂಬ ಅರಿವು ಜೈನ ಕಲಾವಿದೆಗೆ ಹೊಸತಲ್ಲ.

ಬೇಲೂರಿನ ಕಪ್ಪೆ ಚೆನ್ನಿಗರಾಯ

ಬೇಲೂರು ದೇವಾಲಯದ ಪ್ರಾಕಾರದಲ್ಲೇ, ಮುಖ್ಯ ಗುಡಿಯ ದಕ್ಷಿಣಕ್ಕೆ ಕಪ್ಪೆ ಚೆನ್ನಿಗರಾಯ ದೇವಾಲಯವಿದೆ. ಜಕಣಾಚಾರಿ ಮತ್ತು ಕಲ್ಲಿನೊಳಗಿನ ಕಪ್ಪೆಯ ಕಥೆಯಿಂದ ಈ ಗುಡಿಗೆ ಆ ಹೆಸರು ಬಂತು. ವಿಗ್ರಹದ ಪೀಠದ ಬರಹವು ಅದನ್ನು ಮಾಡಿಸಿದವಳು ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿ ಎಂದು ತಿಳಿಸುತ್ತದೆ. ಇದು ಮುಖ್ಯ ದೇವಾಲಯದ ಕಾಲದ್ದೇ, ಎಂದರೆ 1117ರದು.

ಹಳೇಬೀಡಿನ ಹೊಯ್ಸಳೇಶ್ವರ ಜೋಡಿ ಗುಡಿಗಳಲ್ಲಿ ಒಂದನ್ನು ಶಾಂತಲೇಶ್ವರ ಎಂದು ಕರೆಯುತ್ತಾರೆ. ಹೊಯ್ಸಳೇಶ್ವರನ ಗುಡಿಯನ್ನು ಕಟ್ಟಿಸಿದವನು ಅಧಿಕಾರಿ ಕೇತಮಲ್ಲ, 1121ರ ಸುಮಾರಿಗೆ. ಜಿನಭಕ್ತೆಯೊಬ್ಬಳ ಹೆಸರಿನಲ್ಲಿ ಶಿವನ ಗುಡಿ, ಆಕೆಯೇ ಮಾಡಿಸಿದ ವಿಷ್ಣುವಿನ ವಿಗ್ರಹ. ತನ್ನ ಧರ್ಮದಲ್ಲಿ ಗಟ್ಟಿಯಾಗಿ ನಿಂತವಳಿಗೆ ಇತರರ ದೇವರನ್ನು ಗೌರವಿಸುವುದು ಕಷ್ಟವಾಗಲಿಲ್ಲ. ತಂದೆ ತಾಯಿಯ ಮನೆಯಲ್ಲಿ ಕಂಡದ್ದನ್ನೇ ಆಕೆ ಅರಮನೆಯಲ್ಲೂ ನಡೆಸಿದಳು.

ಸವತಿಗಂಧವಾರಣ ಬಸದಿ

ಶಾಂತಲೆಯ ಧರ್ಮಕಾರ್ಯಗಳಲ್ಲಿ ಮುಖ್ಯವಾದುದು ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿದೆ. 1123ರಲ್ಲಿ ಆಕೆ ಅಲ್ಲಿ ಕಟ್ಟಿಸಿದ ಬಸದಿಯ ಹೆಸರು ಸವತಿಗಂಧವಾರಣ ಬಸದಿ. ಗಂಧವಾರಣವೆಂದರೆ ಮದ್ದಾನೆ. ಸೊಕ್ಕಿದ ಸವತಿಯರಿಗೆ ಮದ್ದಾನೆಯಂತಹವಳು ಎಂಬ ಆಕೆಯ ಬಿರುದೇ ಬಸದಿಗೂ ಹೆಸರಾಯಿತು. ಲಕ್ಷ್ಮೀದೇವಿ, ಬಮ್ಮಲದೇವಿ ಮುಂತಾದ ರಾಣಿಯರಿದ್ದ ಅರಮನೆಯಲ್ಲಿ ಪಟ್ಟದರಸಿಯ ಸ್ಥಾನ ಎಷ್ಟು ಭದ್ರವಾಗಿತ್ತೆಂಬುದನ್ನು ಈ ಬಿರುದು ಸಾರುತ್ತದೆ. ಸವತಿಯರ ಕಾಟಕ್ಕೆ ನೊಂದು ಬೆಂದ ರಾಣಿಗೆ ಯಾವ ಕವಿಯೂ ಇಂತಹ ಬಿರುದು ಕೊಡುವುದಿಲ್ಲ.

ಬಸದಿ ಸುಮಾರು 69 ಅಡಿ ಉದ್ದ, 35 ಅಡಿ ಅಗಲ. ಗರ್ಭಗೃಹ, ಸುಕನಾಸಿ, ನವರಂಗಗಳಿವೆ. ಗರ್ಭಗೃಹದಲ್ಲಿ 16ನೆಯ ತೀರ್ಥಂಕರರಾದ ಶ್ರೀ ಶಾಂತಿನಾಥ ಸ್ವಾಮಿಯ ಸುಮಾರು 5 ಅಡಿ ಎತ್ತರದ ಬಿಂಬವಿದ್ದು, ಎರಡೂ ಕಡೆ ಚಾಮರಧಾರಿಗಳಿದ್ದಾರೆ. ಸುಕನಾಸಿಯಲ್ಲಿ ಯಕ್ಷ ಕಿಂಪುರುಷ ಮತ್ತು ಯಕ್ಷಿ ಮಹಾಮಾನಸಿಯ ವಿಗ್ರಹಗಳಿವೆ. ಶಾಂತಲೆ ಎಂಬ ಹೆಸರಿನವಳು ಶಾಂತಿನಾಥನನ್ನು ಪ್ರತಿಷ್ಠಾಪಿಸಿದ್ದು ಆಕಸ್ಮಿಕವಾಗಿರಲಾರದು. ಬೇಲೂರು ಹಳೇಬೀಡುಗಳ ಕುಸುರಿ ಇಲ್ಲಿನ ಗೋಡೆಗಳ ಮೇಲಿಲ್ಲ. ಕಟ್ಟಡ ಸರಳ. ಅರಮನೆಯ ವೈಭವವನ್ನು ಬೆಟ್ಟದ ಕೆಳಗೇ ಬಿಟ್ಟು ಬಂದಂತೆ ಆ ಬಸದಿ ನಿಂತಿದೆ.

ಬಸದಿಯ ಪೂಜೆಗೂ ಮುನಿಗಳ ಆಹಾರದಾನಕ್ಕೂ ಶಾಂತಲೆ ಕಲ್ಕಣಿನಾಡಿನ ಮೊಟ್ಟೆನವಿಲೆ ಎಂಬ ಗ್ರಾಮವನ್ನು ಬಿಟ್ಟಳು. ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರ ಪಾದ ತೊಳೆದು ಧಾರೆ ಎರೆದು ಆ ದಾನ ಕೊಟ್ಟಳು. ಕಟ್ಟಿಸಿ ಬಿಟ್ಟರೆ ಬಸದಿ ಉಳಿಯುವುದಿಲ್ಲ, ದೀಪಕ್ಕೆ ಎಣ್ಣೆ, ಪೂಜೆಗೆ ಅಕ್ಕಿ, ಜೀರ್ಣೋದ್ಧಾರಕ್ಕೆ ಹಣ ಬೇಕು. ಆ ವ್ಯವಸ್ಥೆಯನ್ನೂ ಆಕೆ ಮಾಡಿಯೇ ಮುಗಿಸಿದಳು.

ಅಂದಿನ ಜೈನ ಮಹಿಳೆಯರು

ಶಾಂತಲೆ ಒಂಟಿಯಾಗಿ ಈ ದಾರಿಯಲ್ಲಿ ನಡೆದವಳಲ್ಲ. ಗಂಗರಾಜನ ತಾಯಿ ಪೋಚಿಕಬ್ಬೆಗಾಗಿ ಚಂದ್ರಗಿರಿಯಲ್ಲಿ ಕತ್ತಲೆ ಬಸದಿ ಎದ್ದಿತು. ಗಂಗರಾಜನ ಹೆಂಡತಿ ಲಕ್ಷ್ಮೀಮತಿ ಅದೇ ಬೆಟ್ಟದಲ್ಲಿ ಎರಡುಕಟ್ಟೆ ಬಸದಿಯನ್ನು ಕಟ್ಟಿಸಿದಳು. ಈ ಅತ್ತೆ ಸೊಸೆಯರಿಬ್ಬರೂ ಸನ್ಯಸನ ವಿಧಿಯಿಂದ ದೇಹ ಬಿಟ್ಟರೆಂದು ಶಾಸನಗಳು ಹೇಳುತ್ತವೆ. ಅದೇ ಮನೆಯ ಜಕ್ಕಣಬ್ಬೆ ಬಂಡೆಯ ಮೇಲೆ ಜಿನಬಿಂಬ ಕಡೆಸಿದಳು, ಕೆರೆ ಕಟ್ಟಿಸಿದಳು. 12ನೆಯ ಶತಮಾನದ ಮೊದಲ ಮೂವತ್ತು ವರ್ಷಗಳಲ್ಲಿ ಚಂದ್ರಗಿರಿಯ ಮೇಲೆ ಆದ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು. ದಾನ, ವ್ರತ, ಸಮಾಧಿ ಈ ಮೂರನ್ನೂ ಅವರು ಒಂದೇ ಸಾಲಿನ ಕರ್ತವ್ಯಗಳೆಂದು ನೋಡಿದರು. ಶಾಂತಲೆಯ ಕೊನೆಯನ್ನು ಅರಿಯಬೇಕಾದರೆ ಈ ಹಿನ್ನೆಲೆ ತಿಳಿದಿರಬೇಕು.

ಶಿವಗಂಗೆಯಲ್ಲಿ ಮುಡಿಪು

ಶಕ ವರ್ಷ 1053, ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ, ಸೋಮವಾರ. ಇಂದಿನ ಲೆಕ್ಕದಲ್ಲಿ 1131ನೆಯ ಇಸವಿ. ಆ ದಿನ ಶಾಂತಲೆ ಶಿವಗಂಗೆ ತೀರ್ಥದಲ್ಲಿ ಮುಡಿಪಿ ಸ್ವರ್ಗಸ್ಥಳಾದಳೆಂದು ಚಂದ್ರಗಿರಿಯ ಶಾಸನ ದಾಖಲಿಸಿದೆ. ಶಿವಗಂಗೆ ಇಂದಿನ ನೆಲಮಂಗಲ ತಾಲ್ಲೂಕಿನಲ್ಲಿದೆ.

ಮುಡಿಪು ಎಂಬ ಪದವನ್ನು ಗಮನಿಸಬೇಕು. ಶ್ರವಣಬೆಳಗೊಳದ ಹಳೆಯ ನಿಷಿಧಿ ಶಾಸನಗಳಲ್ಲಿ ನೋಂತು ಮುಡಿಪಿದರು ಎಂಬ ಅರ್ಥದ ಮಾತು ಬರುವುದು ವ್ರತದಿಂದ ದೇಹ ಬಿಟ್ಟವರ ಬಗ್ಗೆ. ಆದ್ದರಿಂದ ಜೈನ ಪರಂಪರೆಯಲ್ಲಿ ಶಾಂತಲೆಯದು ಸಲ್ಲೇಖನ ಮರಣವೆಂದೇ ಗೌರವಿಸುತ್ತಾರೆ. ಬೆಟ್ಟದಿಂದ ಹಾರಿದ ಮಾತು ಶಾಸನದಲ್ಲಿಲ್ಲ. ಆದರೂ ಶಿವಗಂಗೆಯ ಬಂಡೆಯೊಂದನ್ನು ತೋರಿಸಿ, ಮಕ್ಕಳಿಲ್ಲದ ಕೊರಗಿನಿಂದ ರಾಣಿ ಇಲ್ಲಿಂದ ಬಿದ್ದಳೆಂದು ಹೇಳುವ ರೂಢಿ ಬೆಳೆಯಿತು. ಕೆಲವರು ಸವತಿಗೆ ಗಂಡು ಮಗು ಹುಟ್ಟಿದ್ದೇ ಕಾರಣವೆಂದೂ ಸೇರಿಸುತ್ತಾರೆ.

ಸಲ್ಲೇಖನಕ್ಕೂ ಆತ್ಮಹತ್ಯೆಗೂ ಇರುವ ಅಂತರವನ್ನು ಆಚಾರ್ಯರು ಬಹಳ ಹಿಂದೆಯೇ ವಿವರಿಸಿದ್ದಾರೆ. ಪರಿಹಾರವಿಲ್ಲದ ಉಪಸರ್ಗ, ಬರಗಾಲ, ಮುಪ್ಪು ಅಥವಾ ರೋಗ ಬಂದಾಗ ಧರ್ಮವನ್ನು ಉಳಿಸಿಕೊಳ್ಳಲು ದೇಹವನ್ನು ಬಿಡುವುದು ಸಲ್ಲೇಖನವೆಂದು ಸಮಂತಭದ್ರಾಚಾರ್ಯರ ಶ್ರಾವಕಾಚಾರ ತಿಳಿಸುತ್ತದೆ. ಬದುಕುವ ಆಸೆಯಂತೆಯೇ ಬೇಗ ಸಾಯಬೇಕೆಂಬ ಆಸೆಯೂ ಆ ವ್ರತಕ್ಕೆ ದೋಷವೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಕೋಪ, ದುಃಖ, ಹತಾಶೆಗಳಿಂದ ಪ್ರಾಣ ಬಿಡುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಈ ಅಂತರ ಇಂದಿಗೂ ಚರ್ಚೆಯ ವಿಷಯ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಂಥಾರಾವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪು ಕೊಟ್ಟಾಗ ದೇಶದ ಜೈನ ಸಮಾಜ ಬೀದಿಗಿಳಿದು ಮೌನ ಮೆರವಣಿಗೆ ನಡೆಸಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ವ್ರತದ ಸಾವನ್ನು ಹತಾಶೆಯ ಸಾವೆಂದು ಕಾಣುವ ತಪ್ಪು ಶಾಂತಲೆಯ ವಿಷಯದಲ್ಲಿ ಬಹಳ ಹಿಂದೆಯೇ ಆಗಿಹೋಗಿತ್ತು.

ತಾಯಿ ಮಾಚಿಕಬ್ಬೆ

ಮಗಳ ಮರಣದ ಸುದ್ದಿ ತಾಯಿಗೆ ಮುಟ್ಟಿತು. ರಾಣಿಯೇ ಸದ್ಗತಿ ಪಡೆದ ಮೇಲೆ ತಾನು ಉಳಿಯಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ಅಲ್ಲಿ ಗುರುಗಳ ಸಮ್ಮುಖದಲ್ಲಿ ಸನ್ಯಸನ ವ್ರತ ಕೈಗೊಂಡಳು. ಪ್ರಭಾಚಂದ್ರ ಸಿದ್ಧಾಂತದೇವರು, ವರ್ಧಮಾನದೇವರು, ರವಿಚಂದ್ರದೇವರು ಆ ವ್ರತಕ್ಕೆ ಸಾಕ್ಷಿಯಾಗಿದ್ದರು. ಕಣ್ಣು ಅರೆಮುಚ್ಚಿ, ಪಂಚಪದಗಳನ್ನು ಉಚ್ಚರಿಸುತ್ತ, ಜಿನೇಂದ್ರನನ್ನು ಧ್ಯಾನಿಸುತ್ತ, ಬಂಧುಗಳನ್ನು ಬೀಳ್ಕೊಟ್ಟು ಒಂದು ತಿಂಗಳ ಉಪವಾಸದ ನಂತರ ಆಕೆ ದೇಹ ಬಿಟ್ಟಳೆಂದು ಶಾಸನ ವರ್ಣಿಸುತ್ತದೆ.

ಮಗಳ ಸಾವನ್ನೂ ತಾಯಿಯ ಸಮಾಧಿಯನ್ನೂ ಒಂದೇ ಶಾಸನ ಹೇಳುವುದು ಗಮನಾರ್ಹ. ಮಗಳು ಹತಾಶೆಯಿಂದ ಬಿದ್ದು ಸತ್ತಿದ್ದರೆ, ಬಸದಿಯ ಎದುರು ಆಕೆಯನ್ನು ಕೊಂಡಾಡಿ ಬರೆಸುವ ಪರಿ ಬೇರೆಯೇ ಆಗುತ್ತಿತ್ತು. ಬೆಳಗೊಳದ ಗುರುಗಳು ಅಂತಹ ಸಾವಿಗೆ ಗೌರವ ಕೊಡುವವರಲ್ಲ.

ಬಸ್ತಿಹಳ್ಳಿಯ ಸಾಕ್ಷ್ಯ

ಶಾಂತಲೆ ತೀರಿಕೊಂಡ ಎರಡು ವರ್ಷಕ್ಕೆ, 1133ರಲ್ಲಿ, ಗಂಗರಾಜ ದಂಡನಾಯಕನೂ ತೀರಿಕೊಂಡ. ತಂದೆಯ ನೆನಪಿಗಾಗಿ ಅವನ ಮಗ ಬೊಪ್ಪದೇವ ದೋರಸಮುದ್ರದಲ್ಲಿ ಜಿನಾಲಯ ಕಟ್ಟಿಸಿದ. ಗಂಗರಾಜನ ದ್ರೋಹಘರಟ್ಟ ಎಂಬ ಬಿರುದಿನಿಂದ ಅದಕ್ಕೆ ದ್ರೋಹಘರಟ್ಟ ಜಿನಾಲಯವೆಂದು ಹೆಸರಿಟ್ಟರು. ಅದೇ ಇಂದಿನ ಬಸ್ತಿಹಳ್ಳಿಯ ಶ್ರೀ ಪಾರ್ಶ್ವನಾಥ ಬಸದಿ. ಏಳು ಹೆಡೆಯ ನಾಗನ ನೆರಳಲ್ಲಿ ಆಳೆತ್ತರವನ್ನು ಮೀರಿ ನಿಂತ ಕಪ್ಪು ಶಿಲೆಯ ಬಿಂಬ ಅಲ್ಲಿದೆ.

ಪ್ರತಿಷ್ಠೆ ಮುಗಿದ ಮೇಲೆ ಇಂದ್ರರು ಶೇಷಾಕ್ಷತೆಯನ್ನೂ ಗಂಧೋದಕವನ್ನೂ ತೆಗೆದುಕೊಂಡು ದೊರೆಯ ಬಳಿಗೆ ಹೋದರು. ವಿಷ್ಣುವರ್ಧನ ಆಗ ಈಗಿನ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿದ್ದ. ತನ್ನ ಮೇಲೆ ಏರಿಬಂದ ಮಸಣನನ್ನು ಅವನು ಆಗತಾನೇ ಸೋಲಿಸಿದ್ದ. ಅದೇ ಸಮಯಕ್ಕೆ ರಾಣಿ ಲಕ್ಷ್ಮೀಮಹಾದೇವಿಗೆ ಗಂಡು ಮಗು ಹುಟ್ಟಿತ್ತು. ಇಂದ್ರರು ಬರುವುದನ್ನು ಕಂಡ ದೊರೆ ಎದ್ದು ಎದುರುಹೋಗಿ ಕೈಮುಗಿದ, ಗಂಧೋದಕವನ್ನು ತಲೆಗೆ ಹಚ್ಚಿಕೊಂಡ. ಗೆಲುವು ಮತ್ತು ಮಗ ಎರಡೂ ಈ ದೇವರ ಪ್ರತಿಷ್ಠೆಯ ಪುಣ್ಯದಿಂದ ದೊರೆತವೆಂದು ಸಂತೋಷಪಟ್ಟು, ದೇವರಿಗೆ ವಿಜಯಪಾರ್ಶ್ವದೇವ ಎಂದೂ ಮಗುವಿಗೆ ವಿಜಯನಾರಸಿಂಹದೇವ ಎಂದೂ ಹೆಸರಿಟ್ಟ. ಬಸದಿಯ ಪೂಜೆಗೆಂದು ಜಾವಗಲ್ಲು ಗ್ರಾಮವನ್ನು ಬಿಟ್ಟುಕೊಟ್ಟ.

ಈ ಮಗುವೇ ಮುಂದೆ ಹೊಯ್ಸಳ ಸಿಂಹಾಸನವೇರಿದ ಒಂದನೆಯ ನರಸಿಂಹ. ಶಾಂತಲೆ ದೇಹ ಬಿಟ್ಟದ್ದು 1131ರ ಚೈತ್ರದಲ್ಲಿ, ಈ ಮಗು ಹುಟ್ಟಿದ್ದು 1133ರ ಹೊತ್ತಿಗೆ. ಸವತಿಯ ಮಗನ ಹುಟ್ಟಿನಿಂದ ನೊಂದು ಶಾಂತಲೆ ಬೆಟ್ಟದಿಂದ ಹಾರಿದಳೆಂಬ ಕಥೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಆ ಸುದ್ದಿ ಕೇಳಲು ಆಕೆ ಬದುಕಿರಲಿಲ್ಲ.

ಇನ್ನೊಂದು ಸಂಗತಿಯೂ ಇಲ್ಲಿ ಸ್ಪಷ್ಟವಾಗುತ್ತದೆ. ವೈಷ್ಣವನಾದ ದೊರೆ ಜಿನಧರ್ಮಕ್ಕೆ ವಿಮುಖನಾದ, ಅದರಿಂದ ಜೈನ ರಾಣಿ ಅರಮನೆಯಲ್ಲಿ ಮೂಲೆಗುಂಪಾದಳು ಎಂದೂ ಕೆಲವರು ಹೇಳುವುದುಂಟು. ಜಿನಬಿಂಬದ ಗಂಧೋದಕವನ್ನು ತಲೆಗೆ ಹಚ್ಚಿಕೊಂಡು, ಮಗನಿಗೂ ದೇವರಿಗೂ ಒಂದೇ ವಿಜಯದ ಹೆಸರಿಟ್ಟ ಅರಸನನ್ನು ಬಸ್ತಿಹಳ್ಳಿಯ ಶಾಸನ ತೋರಿಸುತ್ತದೆ. ರಾಣಿ ಇಲ್ಲದ ಕಾಲದಲ್ಲೂ ಅವನ ಗೌರವ ಹಾಗೇ ಇತ್ತು.

ಉಳಿದ ನೆನಪು

1311ರಲ್ಲಿ ಮಲಿಕ್ ಕಾಫರನ ದಂಡು ದೋರಸಮುದ್ರಕ್ಕೆ ನುಗ್ಗಿತು. ಮುಂದೆ ರಾಜಧಾನಿ ಪಾಳುಬಿದ್ದು ಹಳೆಯ ಬೀಡಾಯಿತು. ಅರಮನೆ ಮಣ್ಣಾಯಿತು. ಶಾಂತಲೆ ನರ್ತಿಸಿದ ಕಾಲದ ರಾಗತಾಳಗಳನ್ನು ಇಂದು ಯಾರೂ ಕೇಳಲಾರರು. ರಂಗದ ಕಲೆ ಕಲಾವಿದೆಯ ಜೊತೆಗೇ ಹೋಗುತ್ತದೆ. ಉಳಿದದ್ದು ಕಲ್ಲಿನ ಮೇಲಿನ ಅಕ್ಷರಗಳು ಮಾತ್ರ. ಬಿ.ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದರು. ಆರ್. ನರಸಿಂಹಾಚಾರ್ ಅವರು 1923ರಲ್ಲಿ ಅದನ್ನು ಪರಿಷ್ಕರಿಸಿ ಹೆಚ್ಚಿನ ಶಾಸನಗಳೊಂದಿಗೆ ಹೊರತಂದರು. ಈ ಕೆಲಸದಿಂದ ಶಾಂತಲೆಯ ತಂದೆತಾಯಿ, ಗುರುಗಳು, ದಾನಗಳು, ಕೊನೆಯ ದಿನ ಎಲ್ಲವೂ ಓದುಗರಿಗೆ ದೊರೆತವು.

ಆಮೇಲೆ ಸಾಹಿತಿಗಳು ಆಕೆಯ ಕಥೆಯನ್ನು ಕೈಗೆತ್ತಿಕೊಂಡರು. ಕೆ.ವಿ. ಅಯ್ಯರ್ ಅವರ ಶಾಂತಲಾ ಕಾದಂಬರಿ ಮನೆಮನೆಗೆ ಆಕೆಯ ಹೆಸರನ್ನು ಮುಟ್ಟಿಸಿತು. ಸಿ.ಕೆ. ನಾಗರಾಜರಾವ್ ಅವರು ಶಾಸನಗಳನ್ನು ಆಧಾರವಾಗಿಟ್ಟುಕೊಂಡು ಪಟ್ಟಮಹಾದೇವಿ ಶಾಂತಲದೇವಿ ಎಂಬ ಬೃಹತ್ ಕಾದಂಬರಿ ಬರೆದರು. ಭಾರತೀಯ ಜ್ಞಾನಪೀಠವು ಸ್ಥಾಪಿಸಿದ ಮೂರ್ತಿದೇವಿ ಪ್ರಶಸ್ತಿಯ ಮೊದಲ ಗೌರವ 1983ರಲ್ಲಿ ಈ ಕೃತಿಗೆ ಸಂದಿತು. ನೃತ್ಯ ಕ್ಷೇತ್ರದ ಸಾಧಕರಿಗೆ ಕರ್ನಾಟಕ ಸರ್ಕಾರ ಕೊಡುವ ರಾಜ್ಯ ಪ್ರಶಸ್ತಿಗೂ ಶಾಂತಲೆಯ ಹೆಸರೇ ಇದೆ. ಒಂಬೈನೂರು ವರ್ಷ ಕಳೆದರೂ ಕನ್ನಡ ನಾಡು ನೃತ್ಯವನ್ನು ಗೌರವಿಸಬೇಕೆಂದಾಗ ನೆನೆಯುವುದು ಒಬ್ಬ ಜೈನ ಶ್ರಾವಕಿಯನ್ನು.

ಬೇಲೂರು ಮತ್ತು ಹಳೇಬೀಡಿಗೆ ಹೋಗುವವರು ಸಾಮಾನ್ಯವಾಗಿ ಎರಡು ದೊಡ್ಡ ದೇವಾಲಯಗಳನ್ನು ನೋಡಿ ಹಿಂದಿರುಗುತ್ತಾರೆ. ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿ.ಮೀ. ಹೊಯ್ಸಳೇಶ್ವರ ದೇವಾಲಯದಿಂದ ಬಸ್ತಿಹಳ್ಳಿಗೆ ನಡೆದೇ ಹೋಗಬಹುದು. ಬಸದಿಗಳು ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಶಾಂತಲೆಯ ಜೀವನವನ್ನು ಅರಿಯಬಯಸುವವರು ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಪೀಠವನ್ನು, ಚಂದ್ರಗಿರಿಯಲ್ಲಿ ಸವತಿಗಂಧವಾರಣ ಬಸದಿಯನ್ನು, ಬಸ್ತಿಹಳ್ಳಿಯಲ್ಲಿ ವಿಜಯಪಾರ್ಶ್ವನಾಥ ಸ್ವಾಮಿಯ ಸನ್ನಿಧಿಯನ್ನು ಈ ಕ್ರಮದಲ್ಲೇ ನೋಡಬೇಕು. ಕಲಾವಿದೆಯಾಗಿ, ಪಟ್ಟದರಸಿಯಾಗಿ, ವ್ರತನಿಷ್ಠೆಯಾಗಿ ಬಾಳಿದ ಒಬ್ಬಳೇ ಶಾಂತಲೆ ಆಗ ಕಾಣಸಿಗುತ್ತಾಳೆ. ಬೆಟ್ಟದಿಂದ ಬಿದ್ದ ದುಃಖಿತ ರಾಣಿಯ ಕಥೆಯನ್ನು ಮಕ್ಕಳಿಗೆ ಹೇಳುವ ಬದಲು ಈ ಶಾಂತಲೆಯನ್ನು ಪರಿಚಯಿಸುವುದು ಆಕೆಗೆ ಸಲ್ಲಬೇಕಾದ ಗೌರವ.